ಅಟ್ಲಾಂಟಿಕ್ ದಾಟಿ ಬಂದ ಮೇಲೆ ಹಾಯಿದೋಣಿಯ ಗೆಳೆಯರನ್ನು ಮತ್ತೆ ಸೇರುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನವೆಂಬರಿನಲ್ಲಿ ಕ್ಯಾನರಿ ದ್ವೀಪಗಳಿಂದ ಮೂರು ಹಾಯಿದೋಣಿಗಳಲ್ಲಿ ಒಟ್ಟಿಗೆ ಹೊರಟಿರಿ. ಕೆರಿಬಿಯನ್ ತಲುಪಿದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಚದುರಿದಿರಿ. ಅವರಲ್ಲಿ ಒಬ್ಬ ಗೆಳೆಯ ಅಲ್ಲೇ ದೋಣಿ ಮಾರಿ ವಿಮಾನದಲ್ಲಿ ಮನೆಗೆ ಹೋದ. ಈಗ ವಾಪಸ್ ಬರುವಾಗ ಎಲ್ಲರೂ ಅಟ್ಲಾಂಟಿಕ್ ನಡುವಿನ ಪೋರ್ಚುಗಲ್ ದ್ವೀಪಗಳಾದ ಅಜೋರ್ಸ್‌ನ ಹೋರ್ಟಾ ಬಂದರಿನಲ್ಲಿ ಸೇರಬೇಕು ಅಂತಿದ್ದೀರಿ, ಆ ಗೆಳೆಯನೂ ಅಲ್ಲಿಗೆ ವಿಮಾನದಲ್ಲಿ ಬರುತ್ತಾನೆ. ಯಾವ ದಿನ ಇಟ್ಟುಕೊಳ್ಳೋದು, ಮೊದಲಿನ ಸಲಿಗೆ ಉಳಿದಿರುತ್ತದಾ ಅನ್ನೋದು ನಿಮ್ಮ ಚಿಂತೆ. ನಾನೂ ಈ ದಾರಿಯಲ್ಲಿ ಬಂದಿರುವುದರಿಂದ ಹೇಳ್ತೀನಿ.

ದಿನದ ಮಾತು ಮೊದಲು ಮುಗಿಸಿಬಿಡೋಣ. ಜಾಗ ಗೊತ್ತುಮಾಡಿ, ದಿನ ಬೇಡ. ಕೆರಿಬಿಯನ್‌ನ ಸೇಂಟ್ ಮಾರ್ಟಿನ್‌ನಿಂದ ಹೋರ್ಟಾಕ್ಕೆ ಸುಮಾರು 2,200 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ.). ಗಂಟೆಗೆ 6 ಮೈಲಿ ಓಡುವ ದೋಣಿಗೆ 15 ದಿನ ಚಿಲ್ಲರೆ, 5 ಮೈಲಿ ಓಡುವ ದೋಣಿಗೆ 18 ದಿನ ದಾಟುತ್ತದೆ, ಅದೂ ಗಾಳಿ ಒಂದೇ ಸಮ ಬೀಸಿದರೆ. ಬೀಸುವುದಿಲ್ಲ. ಅಜೋರ್ಸ್ ಸುತ್ತಮುತ್ತ ಗಾಳಿಯ ಒತ್ತಡ ಜಾಸ್ತಿ ಇರುವ ದೊಡ್ಡ ವಲಯವೊಂದು ಇರುತ್ತದೆ, ಅದರ ನಡುವೆ ಸಿಕ್ಕಿಕೊಂಡರೆ ಹಾಯಿ ಜೋತುಬೀಳುತ್ತದೆ, ಡೀಸೆಲ್ ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ. ಅದಕ್ಕೇ ಎಷ್ಟೋ ಜನ ಮೊದಲು ಉತ್ತರಕ್ಕೆ ಹೋಗಿ, ಪಡುವಣ ಗಾಳಿ ಹಿಡಿದು, ಆಮೇಲೆ ಪೂರ್ವಕ್ಕೆ ತಿರುಗುತ್ತಾರೆ. ಹೀಗಿರುವಾಗ ದಿನ ಹೇಳಿಬಿಟ್ಟರೆ, ಹವಾಮಾನ ಸರಿಯಿಲ್ಲದಿದ್ದರೂ ಅವರು ಕಾಯ್ತಿರ್ತಾರೆ ಅಂತ ಲಂಗರು ಎತ್ತುವ ಮನಸ್ಸಾಗುತ್ತದೆ. ಜೂನ್ 1ಕ್ಕೆ ಚಂಡಮಾರುತದ ಕಾಲ ಶುರುವಾಗುತ್ತದೆ ಅನ್ನೋ ಒತ್ತಡ ಮೊದಲೇ ಇದೆ, ಗೆಳೆಯರ ಒತ್ತಡ ಬೇರೆ ಯಾಕೆ? ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಮೊದಲು ಬಂದವರು ಕಾಯೋದು ಅಂತ ಮಾತಾಡಿಕೊಳ್ಳಿ, ಸಾಕು. ತೀರಾ ತಡವಾದರೆ ಅಲ್ಲಿನ ಪೀಟರ್ ಕೆಫೆ ಸ್ಪೋರ್ಟ್‌ನಲ್ಲಿ ಚೀಟಿ ಬಿಟ್ಟು ಹೋಗಬಹುದು. 1918ರಲ್ಲಿ ಶುರುವಾದ ಜಾಗ ಅದು, ಸಮುದ್ರದಲ್ಲಿ ಬರುವವರ ಪತ್ರಗಳನ್ನು ಇಟ್ಟುಕೊಂಡು ಕೊಡುವುದಕ್ಕೇ ಹೆಸರಾಗಿದೆ.

ಇನ್ನೊಂದು ಮಾತು, ದೋಣಿಗಳು ಎಲ್ಲಿವೆ ಅಂತ ತೋರಿಸುವ ವೆಬ್‌ಸೈಟಿನ ನಕ್ಷೆಯಲ್ಲಿ ಗೆಳೆಯರ ದೋಣಿಯ ಚುಕ್ಕೆ ಎರಡು ವಾರ ಅಲ್ಲಾಡದೆ ನಿಂತಿದ್ದರೆ ಗಾಬರಿಯಾಗಬೇಡಿ. ದೋಣಿ ಎಲ್ಲಿದೆ ಅಂತ ತಾನಾಗೇ ಸಾರುವ ಎಐಎಸ್ ಸಂಕೇತ ಹೋಗುವುದು ಹೆಚ್ಚು ದೂರ ಮುಟ್ಟದ ವಿಎಚ್‌ಎಫ್ ರೇಡಿಯೊ ಅಲೆಯಲ್ಲಿ. ಇನ್ನೊಂದು ದೋಣಿಗೆ ಅದು ಸಿಗುವುದು ಹೆಚ್ಚೆಂದರೆ ಇಪ್ಪತ್ತು ಮೈಲಿಯ ಆಸುಪಾಸಿನಲ್ಲಿ. ನಡು ಸಮುದ್ರದಲ್ಲಿ ಅದನ್ನು ಕೇಳಿಸಿಕೊಳ್ಳಲು ದಡದ ಸ್ಟೇಷನ್ ಇರುವುದಿಲ್ಲ. ಗಾಬರಿಯಾಗುವುದು ಸಾಮಾನ್ಯವಾಗಿ ಮನೆಯಲ್ಲಿ ಕೂತವರೇ, ಅವರಿಗೂ ಮೊದಲೇ ಹೇಳಿಟ್ಟಿರಿ.

ಹತ್ತಿರ ಬಂದಾಗ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕರೆಯಿರಿ, ಉತ್ತರ ಬಂದ ತಕ್ಷಣ 72ಕ್ಕೆ ಬದಲಾಯಿಸಿಕೊಂಡು ಮಾತಾಡಿ. 16 ಇರುವುದು ಅಪಾಯದ ಕರೆಗೆ, ಮೊದಲ ಕೂಗಿಗೆ, ಅಲ್ಲಿ ಹರಟೆ ಹೊಡೆದರೆ ಬೈಸಿಕೊಳ್ತೀರಿ. ನನ್ನ ಮಟ್ಟಿಗೆ ನಿಜವಾದ ಭೇಟಿ ಆ ರೇಡಿಯೊ ಕರೆಯೇ. ಎರಡು ವಾರದಿಂದ ದೋಣಿಯ ಸಂಗಾತಿಯ ಧ್ವನಿ ಬಿಟ್ಟರೆ ಬೇರೆ ಧ್ವನಿ ಕಿವಿಗೆ ಬಿದ್ದಿರುವುದಿಲ್ಲ, ಮುಂದೆ ಪೀಕೋ ದ್ವೀಪದ 2,351 ಮೀಟರ್ ಎತ್ತರದ ಬೆಟ್ಟ ಮೋಡದ ಮೇಲೆ ತಲೆ ಎತ್ತಿರುತ್ತದೆ, ಅಷ್ಟರಲ್ಲಿ ಗೊತ್ತಿರೋ ಧ್ವನಿಯೊಂದು ದೋಣಿಯ ಹೆಸರು ಹಿಡಿದು ಕರೆದು ಎಲ್ಲಿದ್ದೀರಾ ಅಂತ ಕೇಳುತ್ತದೆ. ಅದಾದ ಮೇಲೆ ದಡದ ಅಪ್ಪುಗೆ ಸ್ವಲ್ಪ ಸಪ್ಪೆ ಅನ್ನಿಸಿದರೂ ಬೇಜಾರು ಮಾಡಿಕೊಳ್ಳಬೇಡಿ.

ಸಪ್ಪೆ ಆಗುವುದಕ್ಕೆ ಕಾರಣವೂ ಇದೆ. ಬಂದವರು ಮೊದಲು ಅಧಿಕಾರಿಗಳ ಕಟ್ಟೆಗೆ ದೋಣಿ ಕಟ್ಟಬೇಕು. ಹಳದಿ ಬಾವುಟ ಹಾರುತ್ತಿರುವವರೆಗೆ, ಅಂದರೆ ಕಾಗದಪತ್ರ ಮುಗಿಯುವವರೆಗೆ, ನೀವು ಓಡಿಹೋಗಿ ಅವರ ದೋಣಿ ಹತ್ತುವ ಹಾಗಿಲ್ಲ. ಕಟ್ಟೆಯ ಮೇಲೆ ನಿಂತು ಹಗ್ಗ ಹಿಡಿದುಕೊಳ್ಳಿ, ಅದೇ ದೊಡ್ಡ ಉಪಕಾರ. ಜೊತೆಗೆ ಅವರು ಮೂರು ಗಂಟೆ, ನಾಲ್ಕು ಗಂಟೆಯ ತುಂಡು ತುಂಡು ನಿದ್ದೆಯಲ್ಲಿ ದಿನ ತಳ್ಳಿ ಬಂದಿರುತ್ತಾರೆ. ನೆಲ ತೂಗುತ್ತಿರುತ್ತದೆ, ಸ್ನಾನಕ್ಕೆ ನಿಂತು ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕಾಗುತ್ತದೆ. ಅಂಥವರನ್ನು ಅದೇ ಸಂಜೆ ಪಾರ್ಟಿಗೆ ಎಳೆದರೆ ಕೂತಲ್ಲೇ ತೂಕಡಿಸುತ್ತಾರೆ. ಹತ್ತು ನಿಮಿಷ ಮಾತಾಡಿಸಿ, ಎದ್ದು ಬನ್ನಿ. ಊಟ, ಹಾಡು, ಗಲಾಟೆ ಎಲ್ಲ ಮಾರನೇ ದಿನಕ್ಕೆ.

ಆ ಸಮಯದಲ್ಲಿ ಹೋರ್ಟಾ ತುಂಬಿ ತುಳುಕುತ್ತಿರುತ್ತದೆ. ಗೋಡೆಗೆ ಒಂದು ದೋಣಿ, ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಸಾಲಾಗಿ ಕಟ್ಟಿಸುತ್ತಾರೆ. ಗೆಳೆಯರ ಪಕ್ಕಕ್ಕೇ ಕಟ್ಟಲು ಬಿಡುತ್ತೀರಾ ಅಂತ ದೋಣಿ ನಿಲ್ದಾಣದವರನ್ನು ಕೇಳಿ ನೋಡಿ. (ಬೇರೆಯವರ ದೋಣಿ ದಾಟಿ ಹೋಗುವಾಗ ಮುಂಭಾಗದಿಂದ ಹೋಗಿ. ಹಿಂದಿನ ಕಾಕ್‌ಪಿಟ್, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗ, ಅವರ ಮನೆಯ ನಡುಮನೆ ಇದ್ದ ಹಾಗೆ.)

ಮಾತು ಇರುತ್ತದಾ ಅಂತ ಕೇಳಿದ್ರಿ. ಮೊದಲ ದಿನ ಅತಿಯಾಗಿರುತ್ತದೆ. ಎಲ್ಲರೂ ಅದೇ ಬಿರುಗಾಳಿಯ ಕಥೆ ಹೇಳುತ್ತಾರೆ, ಮೊದಲ ಸಲ ಹೇಳುವಾಗ 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ) ಇದ್ದ ಗಾಳಿ ಎರಡನೇ ಸಲಕ್ಕೆ 40 ಆಗಿರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಕೆಡಿಸುವುದು ಒಂದೇ, ನೀವೆಷ್ಟು ದಿನದಲ್ಲಿ ಬಂದ್ರಿ ಅನ್ನೋ ಪೈಪೋಟಿ. ಉದ್ದದ ದೋಣಿ ಬೇಗ ಬರುತ್ತದೆ, ಅದರಲ್ಲಿ ನಿಮ್ಮ ಜಾಣತನ ಅಷ್ಟೇನಿಲ್ಲ. ಎರಡನೇ ದಿನಕ್ಕೆ ಕಥೆಗಳು ಮುಗಿದು ಸ್ವಲ್ಪ ಪೇಚಾಟ ಶುರುವಾಗುತ್ತದೆ. ಆಗ ಎದುರುಬದುರು ಕೂರಬೇಡಿ, ಅವರ ಜೊತೆ ಕೆಲಸಕ್ಕೆ ಇಳಿಯಿರಿ. ಅಟ್ಲಾಂಟಿಕ್ ದಾಟಿದ ದೋಣಿಯಲ್ಲಿ ರಿಪೇರಿಗೇನು ಬರವಿಲ್ಲ. ಒಬ್ಬರು ಹಾಯಿ ಹೊಲಿಯುತ್ತಾ ಇನ್ನೊಬ್ಬರು ಪಂಪ್ ಬಿಚ್ಚುತ್ತಾ ಇದ್ದರೆ, ಹಳೇ ಸಲಿಗೆ ತಾನಾಗೇ ಬರುತ್ತದೆ. ನಿಮ್ಮ ಸ್ನೇಹ ಬೆಳೆದದ್ದೂ ಹಾಗೇ ಅಲ್ವಾ, ಒಬ್ಬರ ಎಂಜಿನ್‌ಗೆ ಇನ್ನೊಬ್ಬರು ಕೈ ಹಾಕಿ?

ಕಷ್ಟ ಇರುವುದು ದೋಣಿ ಮಾರಿದ ಗೆಳೆಯನ ವಿಷಯದಲ್ಲಿ. ಅವನು ವಿಮಾನದಲ್ಲಿ ಬರುತ್ತಾನೆ, ಬಟ್ಟೆ ಶುಭ್ರವಾಗಿರುತ್ತದೆ, ನಿದ್ದೆ ಆಗಿರುತ್ತದೆ, ನೀವೆಲ್ಲ ನಗುವ ಅರ್ಧ ಮಾತು ಅವನಿಗೆ ಗೊತ್ತಿರುವುದಿಲ್ಲ. ಯಾಕೆ ಮಾರಿದೆ ಅಂತ ಕೇಳಬೇಡಿ, ಹೇಳಬೇಕು ಅನ್ನಿಸಿದರೆ ಅವನೇ ಹೇಳುತ್ತಾನೆ. ಪಾಪ ಅನ್ನೋ ಮುಖವೂ ಬೇಡ, ಅದು ಪ್ರಶ್ನೆಗಿಂತ ಜಾಸ್ತಿ ಚುಚ್ಚುತ್ತದೆ. ಬದಲಿಗೆ ಅವನನ್ನು ಅತಿಥಿ ಮಾಡದೆ ಕೆಲಸ ಕೊಡಿ. ಅವನು ಮೊದಲೇ ತಲುಪಿದ್ದರೆ ನಿಮ್ಮ ಹಗ್ಗ ಹಿಡಿಯುವವನು ಅವನೇ ಆಗಲಿ. ಒಂದು ದಿನ ಹೋರ್ಟಾ ಇರುವ ಫಯಾಲ್ ದ್ವೀಪ ಮತ್ತು ಪೀಕೋ ನಡುವಿನ ಜಲಸಂಧಿಯಲ್ಲಿ ಸುಮ್ನೆ ಹಾಯಿ ಏರಿಸಿ ಹೋಗಿ ಬನ್ನಿ, ಚುಕ್ಕಾಣಿ ಅವನ ಕೈಗೆ ಕೊಡಿ. ಅವನು ಬೇಡ ಅಂದರೆ ಒತ್ತಾಯ ಮಾಡಬೇಡಿ. ಕೆಲವರಿಗೆ ಮಾರಿದ್ದೇ ನೆಮ್ಮದಿ ಆಗಿರುತ್ತದೆ, ಅದನ್ನು ಉಳಿದವರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಕೊನೆಗೆ ಗೋಡೆಯ ಚಿತ್ರ. ಹೋರ್ಟಾದಲ್ಲಿ ಬಂದ ದೋಣಿಗಳೆಲ್ಲ ಬಂದರಿನ ಕಟ್ಟೆಯ ಮೇಲೆ ತಮ್ಮದೊಂದು ಚಿತ್ರ ಬರೆದು ಹೋಗುವುದು ರೂಢಿ, ಬರೆಯದಿದ್ದರೆ ಮುಂದಿನ ಪ್ರಯಾಣಕ್ಕೆ ಒಳ್ಳೆಯದಲ್ಲ ಅಂತ ನಂಬಿಕೆ. ನೀವು ಬೇರೆ ಬೇರೆ ಬರೆಯಬೇಡಿ, ಮೂರು ದೋಣಿಗೂ ಸೇರಿ ಒಂದೇ ಬರೆಯಿರಿ, ಮಾರಿದ ದೋಣಿಯ ಹೆಸರೂ ಇರಲಿ. ಕಾಂಕ್ರೀಟ್ ಉಜ್ಜಬೇಕು, ಒಂದು ಕೋಟ್ ಬಳಿದು ಒಣಗಲು ಬಿಡಬೇಕು, ಆಮೇಲೆ ಚಿತ್ರ, ಹಾಗಾಗಿ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮಧ್ಯದಲ್ಲಿ ಮಳೆ ಬರುವುದೂ ಉಂಟು. ಅದಕ್ಕೇ ಆ ಗೆಳೆಯನಿಗೆ ಹಿಂದಿರುಗುವ ದಿನ ಬದಲಾಯಿಸಲು ಬರುವಂಥ ಟಿಕೆಟ್ ತಗೊಳ್ಳೋಕೆ ಈಗಲೇ ಹೇಳಿ.