ಬಾಯಿ ಮುಚ್ಕಂಡ್ರೆ ಉಣ್ಣಾದ್ ಹೆಂಗವ್ವಾ?

ಈ ಪ್ರಕರಣ ಬರೆಯಲು ಕಾರಣ, ಮೊದಲ ಎರಡು ಭೇಟಿಗಳಲ್ಲಿ ಆಪ್ತಸಲಹೆಗಾರ್ತಿಯಾಗಿ ನಾನು ಮಾಡಿದ ತಪ್ಪು. ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರು ವಿಡಿಯೋ ಕರೆಯಲ್ಲಿ "ನಿದ್ದೆ ಬರ್ತಿಲ್ಲ ಮೇಡಂ" ಎಂದಾಗಲೆಲ್ಲ ಮತ್ತೆ ಅದನ್ನೇ ಮಾಡಿಬಿಡುತ್ತೇನೇನೋ ಎಂಬ ಅಳುಕು ನನಗೆ ಈಗಲೂ ಇದೆ.

ಆಕೆಯನ್ನು ಮಂಜುಳ ಎನ್ನೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ತುಮಕೂರು ಸೀಮೆಯ ರಾಗಿ ಬೆಳೆಯುವ ಮನೆ, ವಯಸ್ಸು 36, ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ., ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧಕಿ, ಅಂದರೆ ಪೋಸ್ಟ್‌ಡಾಕ್. ಆಕೆಯದು ಎಚ್-1ಬಿ ಎಂಬ ಉದ್ಯೋಗ ವೀಸಾ, ಅದರ ಆಸರೆಯಲ್ಲಿ ಗಂಡನಿಗೆ ಎಚ್-4 ಎಂಬ ಅವಲಂಬಿತರ ವೀಸಾ. ಲ್ಯಾಬ್ ಬಿಟ್ಟು ವಿಜ್ಞಾನ ಬರವಣಿಗೆಗೆ ಹೋಗಬೇಕು ಎನ್ನಿಸಿ ವರ್ಷವಾಗಿತ್ತು. ರಾಜೀನಾಮೆ ಪತ್ರ ಬರೆದಿಟ್ಟಿದ್ದಳು, ಕಳಿಸಿರಲಿಲ್ಲ.

ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. "ಬರೀ ಕೆಟ್ಟದ್ದನ್ನೇ ಊಹಿಸಿಕೊಳ್ತಿದ್ದೀರಿ" ಎಂದೂ ಅಂದೆ. ಮೂರನೇ ಭೇಟಿಯಲ್ಲಿ ಆಕೆ ಬೇಸರದಿಂದಲೇ ಪಾಠ ಮಾಡಿದಳು. ಕೆಲಸ ಬಿಟ್ಟರೆ ಅಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ವಿಶ್ವವಿದ್ಯಾಲಯದ ಎಚ್-1ಬಿಗೆ ಲಾಟರಿಯಿಲ್ಲ, ಖಾಸಗಿ ಕಂಪನಿಗೆ ಹೋದರೆ ವರ್ಷಕ್ಕೆ 85,000 ಹೊಸ ವೀಸಾಗಳ ಮಿತಿ, ಅದಕ್ಕೆ ಚೀಟಿ ಎತ್ತುತ್ತಾರೆ. ಬಿಡುವಿನಲ್ಲಿ ಪತ್ರಿಕೆಗೆ ಬರೆದು ಸಂಭಾವನೆ ಪಡೆಯೋಣವೆಂದರೆ ಆ ವೀಸಾ ಅದಕ್ಕೂ ಬಿಡುವುದಿಲ್ಲ. ಇದಕ್ಕೆ ಮೂಗು ಹಿಡಿದು ಉಸಿರು ಎಳೆಯುವುದು ಮದ್ದಲ್ಲ, ವಕೀಲರೇ ಬೇಕು. ಕಾಗದಪತ್ರದ ಭಯವನ್ನು ಮನಸ್ಸಿನ ಕಾಯಿಲೆ ಎಂದುಕೊಂಡವಳು ನಾನು.

"ಸರಿ, ಬಿಡ್ಬೇಕು ಅಂತ ಮೊದಲು ಅನ್ಸಿದ್ದು ಯಾವತ್ತು?" ಎಂದು ಕೇಳಿದೆ.

ಆಕೆಯ ಸಂಶೋಧನೆ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಗಿಡದ ಮೇಲೆ. ಒಂದು ಭಾನುವಾರ ಅಪ್ಪನಿಗೆ ಫೋನಿನಲ್ಲಿ ವಿವರಿಸಿದಳಂತೆ: ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ, ಆಗ ಎಲೆಯ ಸಣ್ಣ ಕಿಂಡಿಗಳಾದ ಪತ್ರರಂಧ್ರಗಳು ಮುಚ್ಚುತ್ತವೆ, ನೀರು ಉಳಿಸಲು ಎಲೆ ಬಾಯಿ ಮುಚ್ಚಿಕೊಂಡಂತೆ. ಅಪ್ಪ ಕೇಳಿದರು, "ಬಾಯಿ ಮುಚ್ಕಂಡ್ರೆ ಉಣ್ಣಾದ್ ಹೆಂಗವ್ವಾ?"

ಆಕೆ ನಕ್ಕಳಂತೆ, ಆಮೇಲೆ ಸುಮ್ಮನಾದಳಂತೆ. ಇಡೀ ಸಮಸ್ಯೆಯೇ ಅದು. ನೀರಾವಿ ಹೊರಗೆ ಹೋಗುವ ಕಿಂಡಿಯಿಂದಲೇ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು, ಮುಚ್ಚಿದರೆ ಉಪವಾಸ. ರಾಗಿ, ಜೋಳಗಳು ಆ ಅನಿಲವನ್ನು ಒಳಗೇ ಒಂದೆಡೆ ಒಟ್ಟುಮಾಡಿಕೊಳ್ಳುವ ಜಾತಿ. ಹಾಗಾಗಿ ಬಾಯಿ ಅರೆ ತೆರೆದರೂ ಹೊಟ್ಟೆ ತುಂಬುತ್ತದೆ. ಇದನ್ನು ಅಪ್ಪನಿಗೆ ನಲವತ್ತು ನಿಮಿಷ ಹೇಳಿದಳಂತೆ.

"ಅಷ್ಟು ಹೊತ್ತೂ ನಾನು ಗಡಿಯಾರ ನೋಡ್ಲಿಲ್ಲ ಮೇಡಂ. ಲ್ಯಾಬಲ್ಲಿ ಐದು ನಿಮಿಷಕ್ಕೊಂದ್ಸಲ ನೋಡ್ತೀನಿ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಊರಿಗೆಲ್ಲ ಮಗಳು ವಿಜ್ಞಾನಿ ಅಂತ ಹೇಳ್ಕೊಂಡು ಓಡಾಡ್ತಾರೆ. ಅವ್ರಿಗೇ ಹೇಗೆ ಹೇಳ್ಲಿ?"

ನಿದ್ದೆ ಕೆಡಿಸಿದ್ದು ವೀಸಾ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಗ. ಧೈರ್ಯ ತುಂಬಲು ಹೋಗಿ, ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಬರೆಯಲಿಲ್ಲವೇ ಎಂದೆ. "ಅವ್ರಿಗೆ ಖಾಯಂ ನೌಕರಿ ಇತ್ತು ಮೇಡಂ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕೊಟ್ಟ ಸಲಹೆ ಇಷ್ಟು. ರಾಜೀನಾಮೆ ಕಳಿಸಬೇಡಿ. ಮೊದಲು ವಲಸೆ ವಕೀಲರನ್ನು ಕಾಣಿ, ಅವರ ಫೀಸು ನನ್ನ ಫೀಸಿಗಿಂತ ಮೊದಲು. ನಿಮ್ಮ ವಿಶ್ವವಿದ್ಯಾಲಯದೊಳಗೇ ಹುಡುಕಿ: ಅಲ್ಲಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ 1914ರ ಕಾಯ್ದೆಯಿಂದ ಬಂದ, ಕೃಷಿ ಸಂಶೋಧನೆಯನ್ನು ಜನರಿಗೆ ಮುಟ್ಟಿಸುವ ವಿಸ್ತರಣಾ ವಿಭಾಗಗಳಿವೆ, ರೈತರಿಗೆ ತಿಳಿಯುವಂತೆ ಬರೆಯುವವರು ಅಲ್ಲಿ ಬೇಕು. ಹುದ್ದೆ ಬದಲಾದರೆ ವಿಶ್ವವಿದ್ಯಾಲಯ ಮತ್ತೆ ಅರ್ಜಿ ಹಾಕಬೇಕಾದೀತು, ಲಾಟರಿಯಂತೂ ಇಲ್ಲ. ಅಪ್ಪನಿಗೆ ಮಾತ್ರ ಕೆಲಸ ಸಿಗುವವರೆಗೆ ಕಾಯದೆ ಈಗಲೇ ಹೇಳಿ.

ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: "ಆಪ್ತಸಲಹೆ ಅಂದ್ರೆ ದಾರಿ ತೋರಿಸೋದಲ್ಲ, ನೀವು ಆಕೆಯನ್ನ ಭಯದೊಳಗೇ ಕೂರಿಸಿದ್ರಿ." ಇರಬಹುದು. ಆದರೆ ಇಬ್ಬರ ಬದುಕು ಒಂದು ವೀಸಾಕ್ಕೆ ತಗುಲಿಕೊಂಡಿರುವಾಗ "ಮನಸ್ಸು ಹೇಳಿದಂತೆ ಮಾಡಿ" ಎನ್ನಲು ನನಗೆ ಬಾಯಿ ಬರಲಿಲ್ಲ. ತಪ್ಪಾದರೆ ಪೆಟ್ಟಿಗೆ ಕಟ್ಟುವವರು ಅವರು, ನಾನಲ್ಲ.

ಕಳೆದ ತಿಂಗಳು ಸಂದೇಶ ಬಂತು. ವಿಸ್ತರಣಾ ವಿಭಾಗದ ಸಂದರ್ಶನ ಮುಗಿದಿದೆ, ಉತ್ತರ ಬಂದಿಲ್ಲ. ಅಪ್ಪನಿಗೆ ಹೇಳಿದ್ದಾಳೆ. ಅವರು ತುಂಬ ಹೊತ್ತು ಯೋಚಿಸಿ ಕೇಳಿದ್ದು ಒಂದೇ: "ಹಿಂಗೆ ಹೇಳಿಕೊಡಾದುಕ್ಕೂ ಸಂಬ್ಳ ಕೊಡ್ತಾರಾ?"