ಸ್ವೀಡಿಷ್‌ನಲ್ಲಿ ‘ಗಿಫ್ಟ್’ ಅಂದರೆ ವಿಷವೂ ಹೌದು, ಮದುವೆಯಾದವರೂ ಹೌದು. ಯಾಕೆ?

ಇಂಗ್ಲಿಷ್ ಗಿಫ್ಟ್ ಮತ್ತು ಸ್ವೀಡಿಷ್ ಗಿಫ್ಟ್ ಎರಡರ ಮೂಲವೂ ‘ಕೊಡು’ ಎಂಬ ಒಂದೇ ಹಳೆಯ ಜರ್ಮಾನಿಕ್ (ಇಂಗ್ಲಿಷ್, ಸ್ವೀಡಿಷ್, ಜರ್ಮನ್‌ಗಳ ತಾಯಿಭಾಷೆ) ಧಾತು. ಮದುವೆಯ ಅರ್ಥ ನಮಗೆ ಸುಲಭ. ‘ಮಗಳನ್ನು ಯಾವೂರಿಗೆ ಕೊಟ್ರಿ?’ ಅಂತ ನಾವೂ ಕೇಳ್ತೀವಿ, ಅಲ್ವಾ? ಹಳೆಯ ಇಂಗ್ಲಿಷ್‌ನಲ್ಲೂ ಈ ಪದಕ್ಕೆ ವಧುವಿಗಾಗಿ ಕೊಡುವ ತೆರ ಎಂಬ ಅರ್ಥವಿತ್ತು.

ವಿಷದ ಅರ್ಥ ಜರ್ಮನ್ ಕಡೆಯಿಂದ ಬಂತು. ಗ್ರೀಕ್‌ನ ‘ಡೋಸಿಸ್’ ಅಂದರೆ ಕೊಡುವುದು, ವೈದ್ಯರು ಕೊಡುವ ಮದ್ದಿನ ಡೋಸ್. ಜರ್ಮನ್ನರು ಅದನ್ನು ‘ಗಿಫ್ಟ್’ ಅಂದರು. ಆಮೇಲೆ ವಿಷ ಹಾಕುವುದಕ್ಕೂ ಅದೇ ನಯವಾದ ಮಾತಾಯಿತು. ನಮ್ಮಲ್ಲೂ ‘ಮದ್ದು ಹಾಕಿದ್ದಾರೆ’ ಅನ್ನೋದುಂಟು!

ತಮಾಷೆ ಉಚ್ಚಾರಣೆಯಲ್ಲಿದೆ. ಹಳೆಯ ಇಂಗ್ಲಿಷ್‌ನಲ್ಲಿ ಇದು ‘ಯಿಫ್ಟ್’. ‘ಗ’ ಬಂದದ್ದು ಉತ್ತರದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಿಂದ. ಆ ನಾರ್ಸ್‌ನ ಸಂತಾನವಾದ ಸ್ವೀಡಿಷ್‌ನಲ್ಲೇ ಈಗ ‘ಯಿಫ್ಟ್’! ಉಡುಗೊರೆಗೆ ಅವರು ‘ಗೋವಾ’ ಅನ್ನುತ್ತಾರೆ. ಅದೂ ‘ಕೊಡು’ವಿನ ಕುಟುಂಬದ್ದೇ.