ಡ್ಯೂಟಿಯಲ್ಲಿ ಹೃದಯಾಘಾತ: ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರು ಲಾರಿ ಡ್ರೈವರ್. ವಯಸ್ಸು 45, ಸಂಬಳ 18,000, ಇಎಸ್‌ಐ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈಯಿಂದ ಲೋಡ್ ತರುವಾಗ ಢಾಬಾ ಹತ್ತಿರ ಗಾಡಿ ನಿಲ್ಲಿಸಿ, ಎದೆನೋವೆಂದವರು ಅಲ್ಲೇ ತೀರಿಕೊಂಡರು. ಇನ್ಶೂರೆನ್ಸ್‌ನವರು ‘ಸಹಜ ಸಾವು’ ಎನ್ನುತ್ತಾರೆ. ಓನರ್ 40,000 ಕೊಟ್ಟು, ‘ಇನ್ನೇನೂ ಬಾಕಿ ಇಲ್ಲ’ ಎಂದು ಬಾಂಡ್ ಪೇಪರ್‌ಗೆ ಸಹಿ ಹಾಕಿಸಿಕೊಂಡಿದ್ದಾರೆ. ಮುಂದೇನು?
– ಓದುಗರು, ಹಾಸನ

ಉತ್ತರ: ಬಾಂಡ್ ಪೇಪರ್ ಚಿಂತೆ ಬಿಡಿ. 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನಂತೆ ಹಕ್ಕು ಬಿಟ್ಟುಕೊಡುವ ಕರಾರು ನಿಲ್ಲುವುದಿಲ್ಲ. ಸಾವಿನ ಪರಿಹಾರವನ್ನು ನೌಕರರ ಪರಿಹಾರ ಆಯುಕ್ತರಲ್ಲೇ (ಈ ಕಾಯ್ದೆಯ ಕೇಸು ತೀರ್ಮಾನಿಸುವವರು) ಠೇವಣಿ ಇಡಬೇಕು. ಆ 40,000 ಮುಂಗಡವೆಂದು ಕಳೆಯಬಹುದು, ಅಷ್ಟೇ. (2025ರ ನವೆಂಬರ್ 21ರಿಂದ ಈ ಕಾಯ್ದೆಯ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸಾವು ಅದಕ್ಕೆ ಮೊದಲಿನದು, ಹಾಗಾಗಿ ಹಳೇ ಕಾಯ್ದೆಯೇ.)

ಕೇಸು ಗೆಲ್ಲುವುದೂ ಸೋಲುವುದೂ ಒಂದೇ ಜಾಗದಲ್ಲಿ: ಕೆಲಸದ ಆಯಾಸಕ್ಕೂ ಸಾವಿಗೂ ಕೊಂಡಿ ತೋರಿಸಬೇಕು, ಅದೂ ನೀವೇ. 2006ರಲ್ಲಿ ಕ್ಲೀನರ್ ಒಬ್ಬರ ಸಾವಿನ ಪ್ರಕರಣದಲ್ಲಿ ಈ ಪುರಾವೆ ಇಲ್ಲವೆಂದು ಸುಪ್ರೀಂ ಕೋರ್ಟ್ ಪರಿಹಾರ ನಿರಾಕರಿಸಿತು. 2012ರಲ್ಲಿ, ದೆಹಲಿಯಿಂದ 1,152 ಕಿ.ಮೀ. ಲಾರಿ ಓಡಿಸಿ ದಾರಿಯಲ್ಲೇ ಸತ್ತ ಚಾಲಕರ ಕುಟುಂಬಕ್ಕೆ ಕೊಡಿಸಿತು. ‘ಡ್ಯೂಟಿಯಲ್ಲಿದ್ದರು’ ಎಂಬ ಒಂದೇ ಮಾತು ಸಾಲದು.

ಹಾಗಾಗಿ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಹಿಡಿಯಿರಿ. ಪ್ರತಿ ಟೋಲ್ ದಾಟಿದ ಹೊತ್ತು ಅದರಲ್ಲಿರುತ್ತದೆ. ಮೊದಲ ಟೋಲ್ ಬೆಳಗಿನ ಜಾವ 4.10, ಕೊನೆಯದು ರಾತ್ರಿ 9.30 ಎಂದಿದ್ದರೆ ಹದಿನೇಳು ಗಂಟೆ ಮೀರಿದ ದುಡಿಮೆ ಕಾಗದದ ಮೇಲೇ ಕಾಣುತ್ತದೆ. ಅದು ಓನರ್ ಹೆಸರಲ್ಲಿರುವುದರಿಂದ ತರಿಸಿಕೊಡಿ ಎಂದು ಆಯುಕ್ತರಿಗೆ ಅರ್ಜಿ ಹಾಕಿ. ಜೊತೆಗೆ ಸರಕು ಸಾಗಣೆಯ ಇ-ವೇ ಬಿಲ್, ಡೀಸೆಲ್ ಬಿಲ್, ‘ಬೇಗ ಬಾ’ ಎಂದು ಬಂದ ಕರೆಗಳ ವಿವರ, ಕ್ಲೀನರ್ ಸಾಕ್ಷ್ಯ. ಮರಣೋತ್ತರ ವರದಿಯಲ್ಲಿ ಹಳೆಯ ಬ್ಲಾಕೇಜ್ ಇದ್ದರೆ ‘ಕಾಯಿಲೆ ಮೊದಲೇ ಇತ್ತು’ ಎಂದು ವಿಮಾ ವಕೀಲರು ಹಿಡಿಯುತ್ತಾರೆ. ಇದ್ದ ಕಾಯಿಲೆಯನ್ನು ಕೆಲಸದ ಶ್ರಮ ಉಲ್ಬಣಿಸಿತೆಂದು ತೋರಿಸಿದರೂ ಸಾಕು. ಆದರೆ ಸರ್ಟಿಫಿಕೇಟ್ ಲಗತ್ತಿಸಿ ಸುಮ್ಮನಾಗಬೇಡಿ. ವೈದ್ಯರನ್ನೇ ಸಾಕ್ಷಿಯಾಗಿ ಕರೆಸಿ. ಹೆಚ್ಚಿನ ಕೇಸುಗಳು ಸೊರಗುವುದು ಇಲ್ಲೇ.

ಲೆಕ್ಕಕ್ಕೆ ಸಂಬಳದ ಮಿತಿ 15,000. ಅದರ ಅರ್ಧ 7,500ನ್ನು ಕಾಯ್ದೆಯ ಪಟ್ಟಿಯಲ್ಲಿ 45 ವರ್ಷಕ್ಕಿರುವ ಗುಣಕ 169.44ರಿಂದ ಗುಣಿಸಿದರೆ 12,70,800 ರೂ. ಅಂತ್ಯಕ್ರಿಯೆಗೆ ಕನಿಷ್ಠ 5,000 ಬೇರೆ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸಕಾರಣವಿಲ್ಲದೆ ತಡಮಾಡಿದರೆ ಶೇ 50ರವರೆಗೆ ದಂಡ, ಅದು ಓನರ್ ಜೇಬಿನಿಂದಲೇ. ಅರ್ಜಿಗೆ ಸಾವಿನ ದಿನದಿಂದ ಎರಡು ವರ್ಷ ಕಾಲಾವಕಾಶ. ನೀವಿರುವ ಹಾಸನದಲ್ಲೇ ಹಾಕಬಹುದು, ಮುಂಬೈಗೆ ಅಲೆಯಬೇಕಿಲ್ಲ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್ ಒತ್ತಡದಿಂದ ತಂಗಿಗೆ ಖಿನ್ನತೆ. ಇಎಸ್‌ಐ ಇದೆ. ಕಂಪನಿ ಮೇಲೆ ಪರಿಹಾರದ ಕೇಸು ಹಾಕಬಹುದೇ?

ಉತ್ತರ: ಈ ದಾರಿ ಕಷ್ಟ. ಇಎಸ್‌ಐ ಇರುವವರು ಕಂಪನಿಯಿಂದ ಇಂಥ ಪರಿಹಾರ ಕೇಳುವಂತಿಲ್ಲ, ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಖಿನ್ನತೆಯೂ ಇಲ್ಲ. ಅನಾರೋಗ್ಯ ಭತ್ಯೆ ಪಡೆಯಿರಿ: ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70. ಸಂಬಂಧಿತ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ರಜೆ ಶುರುವಾದ ದಿನದಿಂದಲೇ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ.